ಹಸಿರು ತಂತಿ

"ಇವತ್ತ ಅವ್ರು ಕೈ ಹಿಡದು ಎಳದ್ರು" ಎಂದು ಮಹಾದೇವಕ್ಕ ಹೇಳಿದಾಗ ಫಕ್ಕೀರಪ್ಪ ಚಹಾದ ಬಸಿಗೆ ತುಟಿ ಹಚ್ಚಿದ್ದ. ಹಾಲಿನವನು ಬಂದು ಹೋದ ಎಂದು ಹೇಳುವ ದನಿಯಲ್ಲೇ ಅಕ್ಕ ಅದನ್ನು ಹೇಳಿದ್ದರಿಂದ ಅವನು ಒಮ್ಮೆಲೇ ತಲೆ ಎತ್ತಲಿಲ್ಲ. ಎತ್ತಿದರೆ ಏನಾದರೂ ಹೇಳಬೇಕಾಗುತ್ತದೆ ಎಂಬ ಹೆದರಿಕೆಯೂ ಇತ್ತು. "ದಿನಾ ಸುಮ್ನ ಜುಮ್ ಅಂತಿತ್ತು. ಇವತ್ತ ಗಟ್ಟಿ ಹಿಡದ್ರು ನೋಡು. ಬಿಡಿಸ್ಕೊಳ್ಳಾಕ ಬರಲಿಲ್ಲ. ಆಮ್ಯಾಲೆ ತಾವ ಬಿಟ್ರು." ಅವಳು ಬಲಗೈ ಚಾಚಿದಳು. ನಡುಬೆರಳಿನ ತುದಿಯಲ್ಲಿ ಜೋಳದ ಕಾಳಿನಷ್ಟು ಜಾಗ ಬೆಳ್ಳಗಾಗಿ ಸುತ್ತ ಕೆಂಪೇರಿತ್ತು. "ನೋವಿಲ್ಲ" ಎಂದು ತಾನೇ ಹೇಳಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡು, ನಾಚಿಕೊಂಡು ಒಲೆಯ ಕಡೆ ಹೋದಳು. ಐವತ್ತು ದಾಟಿದ, ಗಂಡ ಸತ್ತ ಅಕ್ಕ ಹಾಗೆ ನಾಚಿದ್ದು ಫಕ್ಕೀರಪ್ಪನಿಗೆ ಆ ಬೆರಳಿನ ಕಲೆಗಿಂತ ಹೆಚ್ಚು ಕಸಿವಿಸಿ ಮಾಡಿತು. ಚಹಾ ಆರಿಹೋಗಿತ್ತು. ಅದನ್ನೇ ಕುಡಿದ.

ಪಡಸಾಲೆಯ ಗೋಡೆಯ ಮಾಡದಲ್ಲಿ ಅವನು ಕೈಯಾರೆ ಕಟ್ಟಿದ ಆಂಪ್ಲಿಫಾಯರ್ ಇತ್ತು, ಬದಿಗೆ ಕ್ಯಾಸೆಟ್ಟಿನ ಟೇಪ್ ರೆಕಾರ್ಡರು. ಕೆಳಗೆ ಒಂದು ಮಣೆಯ ಮೇಲೆ ಇನ್ನೊಂದು ತಗಡಿನ ಪೆಟ್ಟಿಗೆ. ಮನೆಯ ಕರೆಂಟನ್ನು ಇಳಿಸಿ, ಸೋಸಿ, ಮೇಲಿನ ಎರಡಕ್ಕೂ ಕಳಿಸುವುದು ಇದರ ಕೆಲಸ. ಫಕ್ಕೀರಪ್ಪ ಇದನ್ನು ಸಪ್ಲೈ ಪೆಟ್ಟಿಗೆ ಎನ್ನುತ್ತಿದ್ದ. ಟ್ರಾನ್ಸ್‌ಫಾರ್ಮರು ಹಾಡಿನ ಹತ್ತಿರ ಇದ್ದರೆ ಅದರ ಸದ್ದು ಹಾಡಿನೊಳಗೆ ನುಗ್ಗುತ್ತದೆಂದು ಎಲ್ಲೋ ಓದಿ ಅದಕ್ಕೆ ಬೇರೆ ಸಂಸಾರ ಹೂಡಿಕೊಟ್ಟಿದ್ದ. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಆ ಪೆಟ್ಟಿಗೆ ಬೆಚ್ಚಗಾಗುತ್ತಿತ್ತು. ಹಾಡುತ್ತಿದ್ದವನು ನೀಲಪ್ಪ, ಮಹಾದೇವಕ್ಕನ ಗಂಡ, ಫಕ್ಕೀರಪ್ಪ ಮಾವ ಎಂದು ಕರೆಯುತ್ತಿದ್ದವನು, ತಿಳವಳ್ಳಿಯ ಭಜನಾ ಮೇಳದವನು. ಹೋದ ವರ್ಷ ಕಾಮಾಲೆಯಾಗಿ ತೀರಿಕೊಳ್ಳುವ ಮುಂಚೆ ಅವನು ಹಾಡಿದ ತತ್ವಪದಗಳ ಒಂದು ಕ್ಯಾಸೆಟ್ಟು ಫಕ್ಕೀರಪ್ಪನ ಬಳಿ ಉಳಿದಿತ್ತು. ಮಣ್ಣು ಕೊಟ್ಟು ದಿನ ಮಾಡಿದ ಮೇಲೆ ಅವನು ಅಕ್ಕನನ್ನು ಸವಣೂರಿಗೆ ಕರೆತಂದ. ಹೆಂಡತಿ ಚೌಡವ್ವ ಬಾಣಂತನಕ್ಕೆಂದು ಚಿಕ್ಕೇರೂರಿನ ತವರಿಗೆ ಹೋದ ಮೇಲಂತೂ ಮನೆಯಲ್ಲಿ ಉಳಿದವರು ಅಕ್ಕ, ತಮ್ಮ, ಮತ್ತು ಆ ದನಿ. ದಿನಾ ಬೆಳಿಗ್ಗೆ ಅಕ್ಕ ಜಳಕ ಮಾಡಿ ಬಂದು ಕ್ಯಾಸೆಟ್ಟು ಹಚ್ಚಿಸುತ್ತಿದ್ದಳು. ಹಸಿ ಬಟ್ಟೆಯಿಂದ ಸಪ್ಲೈ ಪೆಟ್ಟಿಗೆಯನ್ನು ಒರೆಸಿ, ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಅದರ ಮುಂದಿನ ತಗಡಿಗೆ ಎಳೆಯುತ್ತಿದ್ದಳು. ಗಂಡ ಭಜನೆಗೆ ಹೊರಡುವಾಗ ಅವನ ಹಣೆಗೆ ಹಾಗೇ ಎಳೆದು ಕಳಿಸುವುದು ಅವಳ ರೂಢಿಯಾಗಿತ್ತು. ಸಾರಿಸಿದ ನೆಲ, ಬರಿಗಾಲು, ಒದ್ದೆ ಕೈ. ಈಗ ಆಷಾಢದ ಜಿಟಿಜಿಟಿ ಬೇರೆ. ನೆಲ ಒಣಗುವುದನ್ನೇ ಮರೆತಿತ್ತು.

ಅವನು ಏಳುವಾಗ ನೋಡಿದ. ತಗಡಿನ ಮೇಲೆ ಎರಡು ಗೆರೆ ನೆಟ್ಟಗಿದ್ದವು. ಮೂರನೆಯದು ನಡುವೆಯೇ ಹಾರಿ ಪಕ್ಕಕ್ಕೆ ಬಳಿದುಕೊಂಡಿತ್ತು. ಕೈ ಅಲ್ಲಿ ಸಿಕ್ಕಿಕೊಂಡು ಅಲ್ಲೇ ಬಿಟ್ಟಿದೆ.

ಶನಿವಾರ, ಮಾರ್ಕೆಟ್ ಯಾರ್ಡಿನ ಕಚೇರಿ ಮಧ್ಯಾಹ್ನದವರೆಗೆ ಮಾತ್ರ. ಕೊಡೆ ಹಿಡಿದು ನಡೆಯುತ್ತ ಫಕ್ಕೀರಪ್ಪ ತನ್ನನ್ನು ತಾನು ಸಮಾಧಾನ ಮಾಡಿಕೊಳ್ಳುವ ಕೆಲಸಕ್ಕೆ ಹತ್ತಿದ. ಈ ಕೆಲಸದಲ್ಲಿ ಅವನಿಗೆ ಒಳ್ಳೆ ಕೈ ಇತ್ತು. ಮೊದಲು ಹಸಿರು ತಂತಿ ಇತ್ತಲ್ಲ, ತಾನೇನು ಮೊದಲಿಂದ ಬಿಟ್ಟವನಲ್ಲವಲ್ಲ. ಗೋಡೆಯ ಪ್ಲಗ್ಗಿನಿಂದ ಪೆಟ್ಟಿಗೆಗೆ ಬರುವ ಕೇಬಲ್ಲಿನಲ್ಲಿ ಕೆಂಪು, ಕಪ್ಪು, ಹಸಿರು ಮೂರೂ ಇದ್ದವು. ಹಸಿರಿನದು ತಗಡಿಗೆ ಬಿಗಿದ ಅರ್ಥಿಂಗು. ತಗಡಿಗೆ ತಪ್ಪಿ ಬಂದ ಕರೆಂಟನ್ನು ಹಿತ್ತಲಿಗೆ ಒಯ್ದು, ಕರಿಬೇವಿನ ಗಿಡದ ಪಕ್ಕ ಉಪ್ಪು ಇದ್ದಲು ಹಾಕಿ ಹುಗಿದ ಕಬ್ಬಿಣದ ಪೈಪಿನಿಂದ ಮಣ್ಣಿಗೆ ಇಳಿಸುವುದು ಅದರ ಪಾಲಿನ ಕೆಲಸ. ಬೇಸಿಗೆಯಲ್ಲಿ ಮಣ್ಣು ಒಣಗಬಾರದು, ಆ ತಗ್ಗಿಗೆ ದಿನಾ ಒಂದು ತಂಬಿಗೆ ನೀರು ಹಾಕು ಎಂದು ಅಕ್ಕನಿಗೆ ಅವನೇ ಹೇಳಿದ್ದ. ಮಳೆಗಾಲ ಬಂದರೂ ಅವಳು ಬಿಟ್ಟಿರಲಿಲ್ಲ. ಗಿಡಕ್ಕೊಂದು ತಂಬಿಗೆ, ಪೈಪಿಗೊಂದು ತಂಬಿಗೆ.

ಆದರೆ ಆ ಹಸಿರು ತಂತಿ ಇದ್ದಾಗ ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದೊಂದು ಇರುತ್ತಿತ್ತು. ಹಿಂದಿನ ಓಣಿಯ ಹಿಟ್ಟಿನ ಗಿರಣಿಯ ಕಡೆಯಿಂದ ಅದು ಮಣ್ಣಿನೊಳಗೆ ಹಾದು, ಪೈಪು ಹತ್ತಿ ಬರುತ್ತಿತ್ತೋ, ಬೇರೆ ಏನಾದರೂ ಇತ್ತೋ, ಅವನಿಗೆ ಪೂರ್ತಿ ಬಗೆಹರಿಯಲಿಲ್ಲ. ಮನೆಯವರಿಗೆ ಆ ಸದ್ದು ಕೇಳಿಸುತ್ತಲೂ ಇರಲಿಲ್ಲ. ಕೇಳಿಸಿದ್ದು ಬಂಕಾಪುರದ ಶಿದ್ಲಿಂಗಪ್ಪನವರಿಗೆ. ಮೆಣಸಿನಕಾಯಿ ವ್ಯಾಪಾರದ ಶಿದ್ಲಿಂಗಪ್ಪನವರು ಧಾರವಾಡದಲ್ಲಿ ಎಲ್ಲಿ ಸಂಗೀತ ಕಚೇರಿಯಾದರೂ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವವರು. ಅವರ ತಲೆ ತೂಗಿದರೆ ಹಾಡುಗಾರನಿಗೆ ಜೀವ ಬರುತ್ತದೆಂದು ಯಾರ್ಡಿನಲ್ಲಿ ಮಾತಿತ್ತು. ಚಳಿಗಾಲದಲ್ಲಿ ಒಮ್ಮೆ ಅವರನ್ನು ಫಕ್ಕೀರಪ್ಪ ಮನೆಗೆ ಕರೆದಿದ್ದ. ಅವರು ಕಣ್ಣು ಮುಚ್ಚಿ ಒಂದು ಪದ ಪೂರ್ತಿ ಕೇಳಿದರು, ಕಣ್ಣು ತೆರೆದರು, ತಮ್ಮ ಜೊತೆ ಬಂದವರ ಕಡೆ ತಿರುಗಿ ಹೇಳಿದರು: "ಹಾಡೇನೋ ಛಲೋ ಐತಿ. ಆದ್ರ ಇವರ ಮಾವನ ಹಿಂದ ಜೇನುಹುಳಾ ಸಾಥ್ ಕೊಡಾಕತ್ತಾವಲ್ರಿ." ಎಲ್ಲರೂ ನಕ್ಕರು. ಫಕ್ಕೀರಪ್ಪನೂ ನಕ್ಕ. ಮರುದಿನ ಮುಖ ತೊಳೆಯುವ ಮುಂಚೆ ಪ್ಲಗ್ಗು ಬಿಚ್ಚಿ ಹಸಿರು ತಂತಿಯನ್ನು ಸಡಿಲಿಸಿ ಹೊರಗೆ ಮಡಚಿಟ್ಟ. ಸದ್ದು ಕತ್ತರಿಸಿದ ಹಾಗೆ ನಿಂತಿತು. ಒಂದು ಸಾಲು ಮುಗಿದು ಇನ್ನೊಂದು ಸಾಲಿಗೆ ನೀಲಪ್ಪ ಉಸಿರು ಎಳೆದುಕೊಳ್ಳುವುದು, ಏಕತಾರಿಯ ಮೇಲೆ ಅವನ ಉಗುರು ತಾಗುವುದು, ಎಲ್ಲ ಬಂತು. ಮುಂದಿನ ಸಲ ಬಂದಾಗ ಶಿದ್ಲಿಂಗಪ್ಪನವರು "ಈಗ ನೀಲಪ್ಪ ಒಬ್ಬನ ಅದಾನ" ಎಂದರು. ಗುಮಾಸ್ತಿಕೆಯ ಇಷ್ಟು ವರ್ಷಗಳಲ್ಲಿ ಯಾವ ಸಾಹೇಬನೂ ಕೊಡದ ಸುಖವನ್ನು ಆ ಮಾತು ಅವನಿಗೆ ಕೊಟ್ಟಿತ್ತು. ರಸ್ತೆಯಲ್ಲಿ ನಡೆಯುವಾಗ, ಜಳಕದ ಮನೆಯಲ್ಲಿ, ಅವನು ಅದನ್ನು ಎಷ್ಟೋ ಸಲ ತಾನೇ ತನಗೆ ಹೇಳಿಕೊಂಡಿದ್ದ.

ಯುಗಾದಿಯ ಆಚೀಚೆ ಅಕ್ಕ ಮೊದಲ ಸಲ ಹೇಳಿದ್ದು. "ಇದರಾಗ ಅವ್ರ ಕೈ ಐತೋ ಫಕ್ಕೀರಾ. ಹಿಂಗ ಬೆಚ್ಚಗ. ಏಕತಾರಿ ಬಾರಿಸಿ ಬಾರಿಸಿ ಅವ್ರ ಬೆರಳಾಗ ಯಾವಾಗ್ಲೂ ಒಂದು ನಡುಕ ಇರ್ತಿತ್ತು, ಹಂಗ ಜುಮ್ ಅಂತೈತಿ." ತಗಡಿಗೆ ಕರೆಂಟು ಬರುತ್ತಿದೆಯೆಂದು ಅವನಿಗೆ ಆ ಕ್ಷಣದಲ್ಲೇ ತಿಳಿಯಿತು. ತಿಳಿದು ಅವನು ಮಾಡಿದ್ದೇನೆಂದರೆ, ಫಕ್ರುಸಾಬನ ಅಂಗಡಿಗೆ ಹೋಗಿ ಇನ್ನೂ ದಪ್ಪ ಎಳೆಯ ಎರಡು ತಂತಿಯ ವಾಯರು ತಂದು ಹಾಕಿದ್ದು. ದಪ್ಪ ವಾಯರಿನಿಂದ ಅದು ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಏನೋ ಮಾಡಿದೆ ಎಂದಾಗುತ್ತದೆ ಎಂಬುದೂ ಗೊತ್ತಿತ್ತು. ಆಮೇಲೆ ಮಣೆಯ ಕೆಳಗೆ ಸೈಕಲ್ ಟ್ಯೂಬಿನ ತುಂಡು ಇಟ್ಟ, ಅಕ್ಕ ನಿಲ್ಲುವುದು ಮಣೆಯ ಮೇಲಲ್ಲವಾದರೂ. ಒಣ ಬಟ್ಟೆಯಿಂದ ಒರೆಸು ಎಂದ. "ಒಣಾ ಬಟ್ಟೀಗೆ ಧೂಳ ಬರಾಂಗಿಲ್ಲ" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು. ಹೇಳಿದರೆ ಅಕ್ಕನ ಸುಖ ಹಾಳಾಗುತ್ತದೆ, ಸತ್ತವನನ್ನು ಮತ್ತೆ ಕಸಿದುಕೊಂಡ ಹಾಗಾಗುತ್ತದೆ ಎಂದು ಅವನು ಅಂದುಕೊಂಡ. ಅದು ಸುಳ್ಳಲ್ಲ. ಆದರೆ ಅದರ ಹಿಂದೆ ಶಿದ್ಲಿಂಗಪ್ಪನವರ ಮುಚ್ಚಿದ ಕಣ್ಣೂ ಇತ್ತು, ಅದನ್ನು ಅವನು ನೋಡದೆ ದಾಟಿ ಹೋಗುತ್ತಿದ್ದ.

ಕಚೇರಿಯಲ್ಲಿ ಕಬ್ಬಿಣದ ಕಪಾಟಿನ ಹಿಡಿಕೆಗೆ ಕೈ ಚಾಚಿ ಸುಮ್ಮನೆ ಹಿಂದಕ್ಕೆ ತೆಗೆದುಕೊಂಡ. ಪಕ್ಕದ ಮೇಜಿನವನು ನೋಡಿ ನಕ್ಕ. ಹನ್ನೊಂದರ ಸುಮಾರಿಗೆ ಶಿದ್ಲಿಂಗಪ್ಪನವರೇ ಬಾಗಿಲಲ್ಲಿ ಕಾಣಿಸಿಕೊಂಡರು. ಒಳಗೆ ಬರಲಿಲ್ಲ. ಕೊಡೆಯ ನೀರು ಕೊಡವುತ್ತ ಅಲ್ಲಿಂದಲೇ ಹೇಳಿದರು: "ಏನೋ ಫಕ್ಕೀರಪ್ಪಾ, ಇವತ್ತ ದೀಪಾ ಹಚ್ಚೋ ಹೊತ್ತಿಗೆ ಬರ್ತೇನಿ. ಹಾನಗಲ್ಲಿಂದ ನಮ್ಮ ಬೀಗರು ಬಂದಾರ. ಅವರ ಮನ್ಯಾಗ ಜಪಾನಿಂದ ತರಿಸಿದ ಸೆಟ್ ಐತಿ, ಬಾಳ ಹೇಳ್ಕೋತಾರ. ನಮ್ಮ ಸವಣೂರಾಗ ಒಬ್ಬಾಂವ ಕೈಲೆ ಕಟ್ಟ್ಯಾನ, ಕೇಳಿ ಆಮ್ಯಾಲೆ ಮಾತಾಡ್ರಿ ಅಂದೇನಿ. ಮಾನಾ ಉಳಸಪಾ." ಕಚೇರಿಯವರೆಲ್ಲ ಕೇಳಿದರು. ಫಕ್ಕೀರಪ್ಪ ಎದ್ದು ನಿಂತು "ಬರ್ರಿ, ಬರ್ರಿ" ಎಂದ. ಕೂತ ಮೇಲೆ ಅವನಿಗೆ ಹೊಟ್ಟೆಯಲ್ಲಿ ಬಿಸಿಯಾದ ಸಂತೋಷವೊಂದು ಎದ್ದಿತು. ಅಕ್ಕನ ಬೆರಳು ಆ ಸಂತೋಷದ ಬದಿಗೆ ಹೋಗಿ ನಿಂತಿತು, ಹೊರಗೆ ಹೋಗಲಿಲ್ಲ.

ಬಸ್ ಸ್ಟ್ಯಾಂಡಿನ ಎದುರಿನ ಫಕ್ರುಸಾಬನ ಅಂಗಡಿಯಲ್ಲಿ ಅವನು "ಮೂರು ತಂತೀದು ಕೊಡ್ರಿ" ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಬಾಯಿಂದ ಬಂದದ್ದು "ವಾಯರ್ ತೋರಸ್ರಿ" ಎಂದು.

"ಯಾತಕ್ರಿ? ಇಸ್ತ್ರಿಗೇನು?" ಫಕ್ರುಸಾಬ ಎಲೆಅಡಿಕೆಯನ್ನು ದವಡೆಗೆ ಸರಿಸಿಕೊಂಡ.

"ಆಂಪ್ಲಿಫಾಯರಿಂದು. ಸಪ್ಲೈಗೆ."

ಫಕ್ರುಸಾಬ ಸುರುಳಿಗಳನ್ನು ಗಲ್ಲಾದ ಮೇಜಿನ ಮೇಲೆ ಬಿಡಿಸಿದ. ಚಪ್ಪಟೆಯ ಬಿಳಿ ಜೋಡಿ ವಾಯರು. ಅದರಲ್ಲೇ ದಪ್ಪನೆಯದು. ಇಸ್ತ್ರಿ ಪೆಟ್ಟಿಗೆಗೆ ಹಾಕುವ, ಕರಿ ಬಿಳಿ ನೂಲು ಹೆಣೆದ ಮೂರು ತಂತಿಯದು. ಹೊಸದಾಗಿ ಬಂದ, ದುಂಡನೆಯ, ಬೂದು ಬಣ್ಣದ ಮೂರು ತಂತಿಯದು. ಫಕ್ಕೀರಪ್ಪ ಒಂದೊಂದನ್ನೂ ಬೆರಳಲ್ಲಿ ಬಾಗಿಸಿ ನೋಡಿದ. ಅವನಿಗೆ ನಿಜವಾಗಿ ನೋಡಬೇಕಾದದ್ದೇನೂ ಇರಲಿಲ್ಲ. ಕತ್ತರಿಸಿದ ತುದಿಯಲ್ಲಿ ಕೆಂಪು, ಕಪ್ಪು, ಹಸಿರು ಮೂರು ಚುಕ್ಕೆ ಕಾಣುತ್ತಿದ್ದವು, ಇನ್ನೊಂದರಲ್ಲಿ ಎರಡೇ.

"ಸೆಟ್ಟಿಗೆ ಎರಡು ತಂತೀದು ಸಾಕ್ರಿ" ಎಂದ ಫಕ್ರುಸಾಬ. "ಎಲ್ಲಾರೂ ಅದ ಒಯ್ತಾರ."

"ಅರ್ಥಿಂಗು?"

"ಬೇಕಾದ್ರ ಹಾಕ್ರಿ, ಬ್ಯಾಡಂದ್ರ ಬಿಡ್ರಿ. ಮದುವಿ ಮೈಕಿನವ್ರು ಮೂರು ತಂತೀದು ಒಯ್ದು, ಹಸರಂದು ಕತ್ತರಿಸಿ ಒಗೀತಾರ. ಗುಂಯ್ ಅಂತೈತಂತ. ಶಾಕ್ ಹೊಡದ್ರ ಒಬ್ಬಾಂವ ಬೈತಾನ, ಸದ್ದ ಬಂದ್ರ ಪೂರಾ ಮದುವಿ ಬೈತೈತಿ." ಅವನು ತನ್ನ ಮಾತಿಗೆ ತಾನೇ ಖುಷಿಪಟ್ಟು ನಕ್ಕ. ಫಕ್ಕೀರಪ್ಪನಿಗೂ ನಗೆ ಬಂತು. ಹೊಟ್ಟೆ ಅಲುಗುವಷ್ಟು ನಕ್ಕ. ನಕ್ಕು ಮುಗಿದ ಮೇಲೆ ತನ್ನ ಬಾಯಿ ಇನ್ನೂ ತೆರೆದಿರುವುದು ಅರಿವಿಗೆ ಬಂದು ಮುಚ್ಚಿಕೊಂಡ.

"ಯಾವ್ದು ಕತ್ತರಿಸಲ್ರಿ?"

"ಎರಡೂ ಕೊಡ್ರಿ."

"ಎರಡು ಸೆಟ್ಟ ಅದಾವೇನ್ರಿ ಈಗ?"

"ಹೂಂ" ಎಂದ ಫಕ್ಕೀರಪ್ಪ, ಎರಡು ತಂತಿಯದು ಆಗಲೇ ಮನೆಯಲ್ಲಿದ್ದರೂ. ಚೀಲದಲ್ಲಿ ಎರಡೂ ಸುರುಳಿ ಹಾಕಿಕೊಂಡು ಹೊರಗೆ ಬಂದಾಗ ಅವನಿಗೆ ಬಹಳ ಹಗುರೆನಿಸಿತು. ನಿರ್ಧಾರ ಮಾಡುವುದನ್ನು ಮನೆಯವರೆಗೆ ಮುಂದೂಡಿದ್ದೇ ಒಂದು ನಿರ್ಧಾರವಾದಂತೆ ಅವನು ಚುರುಕಾಗಿ ನಡೆದ.

ಊಟವಾದ ಮೇಲೆ ಅಕ್ಕ ಒಳಗೆ ಅಡ್ಡಾದಳು. ಫಕ್ಕೀರಪ್ಪ ಮೂರು ತಂತಿಯದನ್ನು ಮೊದಲು ಹಾಕಿದ. ಹಸಿರನ್ನು ತಗಡಿನ ತಿರುಪಿಗೆ ಬಿಗಿದು, ಸ್ವಿಚ್ಚು ಒತ್ತಿ, ಕಿವಿಯನ್ನು ಸ್ಪೀಕರಿನ ಬಟ್ಟೆಗೆ ಆನಿಸಿದ. ಇತ್ತು. ಗಿರಣಿ ನಡೆದಿತ್ತು, ಜೇನುಹುಳವೂ ಇತ್ತು. ಕೂತು ಬೆವರುತ್ತ ಅದನ್ನು ಬಿಚ್ಚಿ ಎರಡು ತಂತಿಯದನ್ನು ಹಾಕಿದ. ಏನೂ ಇಲ್ಲ. ಆ ಏನೂ ಇಲ್ಲದ್ದು ಎಷ್ಟು ಚೆನ್ನಾಗಿತ್ತೆಂದರೆ ಅವನು ಕ್ಯಾಸೆಟ್ಟು ಹಾಕದೆ ಅದನ್ನೇ ಸ್ವಲ್ಪ ಹೊತ್ತು ಕೇಳಿದ. ಆಮೇಲೆ, ಯಾಕೆ ಮಾಡುತ್ತಿದ್ದೇನೆಂದು ತಿಳಿಯದೆ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು, ಬೆರಳ ಹಿಂಭಾಗವನ್ನು ತಗಡಿಗೆ ತಾಗಿಸಿದ. ಹೀಗೆ ಮುಟ್ಟಿದರೆ ಕೈ ಹಿಡಿದುಕೊಳ್ಳುವುದಿಲ್ಲ ಎಂದು ಕಲಿತಿದ್ದ. ಜುಮ್ಮೆಂದಿತು. ಬೆಚ್ಚಗೂ ಇತ್ತು. ಹೌದು, ಮಾವನ ಕೈ ಹೀಗೆ ಇದ್ದಿರಬಹುದು. ಅವನಿಗೆ ಗೊತ್ತಿರಲಿಲ್ಲ, ಮಾವನ ಕೈಯನ್ನು ಅವನು ಎಂದೂ ಹಿಡಿದವನಲ್ಲ. ತಿಳವಳ್ಳಿಯ ಮಠದ ಕಟ್ಟೆಯ ಮೇಲೆ ಟೇಪ್ ರೆಕಾರ್ಡರು ಇಟ್ಟ ದಿನ ನೀಲಪ್ಪ ಕೂಸಿನ ಕುತೂಹಲದಲ್ಲಿ ಅದರ ಗುಂಡಿಯ ಕಡೆ ಕೈ ಚಾಚಿದ್ದ. "ಮುಟ್ಟಬ್ಯಾಡ್ರಿ!" ಎಂದು ಫಕ್ಕೀರಪ್ಪ ಗದರಿದ್ದ, ಮೇಳದವರೆಲ್ಲರ ಎದುರು. ನೀಲಪ್ಪ ಹಲ್ಲು ತೋರಿಸಿ, ಏಕತಾರಿ ಹಿಡಿಯುವವರೆಗೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಆ ಗದರಿಕೆಯೂ ಕ್ಯಾಸೆಟ್ಟಿನಲ್ಲಿ ಹಿಡಿದಿತ್ತು. ಮನೆಗೆ ಬಂದು ಫಕ್ಕೀರಪ್ಪ ಅಷ್ಟನ್ನು ಅಳಿಸಿದ್ದ. ಈಗ ಕ್ಯಾಸೆಟ್ಟು ಶುರುವಾದರೆ ಮೊದಲು ಏನೂ ಇಲ್ಲ, ಆಮೇಲೆ ನೀಲಪ್ಪ ಕೆಮ್ಮುತ್ತಾನೆ, ಆಮೇಲೆ ಹಾಡು.

ಅಕ್ಕ ಮುಟ್ಟುವುದು ಬೆಳಿಗ್ಗೆ, ಜಳಕವಾದ ಮೇಲೆ. ಬೀಗರು ಬರುವುದು ಸಂಜೆ. ಅವರು ಎದ್ದು ಹೋದ ಕೂಡಲೇ, ಅವರ ಚಪ್ಪಲಿಯ ಸದ್ದು ಓಣಿ ದಾಟುವುದರೊಳಗೆ, ಮೂರು ತಂತಿಯದನ್ನು ಹಾಕಿಬಿಡುವುದು. ಆಮೇಲೆ ಮತ್ತೆಂದೂ ತೆಗೆಯುವುದಿಲ್ಲ. ಈ ಯೋಚನೆಯಲ್ಲಿ ಯಾವ ತಪ್ಪೂ ಅವನಿಗೆ ಕಾಣಲಿಲ್ಲ. ಎರಡು ತಂತಿಯದನ್ನು ಹಾಗೇ ಬಿಟ್ಟು, ಬೂದು ಬಣ್ಣದ ಸುರುಳಿಯನ್ನು ಮಣೆಯ ಹಿಂದೆ ಇಟ್ಟು, ಗಡ್ಡ ಮಾಡಿಕೊಳ್ಳಲು ಹೋದ.

ಬೀಗರು ತೆಳ್ಳಗೆ, ಬಿಳಿ ಟೊಪ್ಪಿಗೆ, ಕಡಿಮೆ ಮಾತಿನವರು. ಜಪಾನಿನ ಸೆಟ್ಟಿನ ಮಾಲಕರು ಹೀಗಿರುತ್ತಾರೆಂದು ಫಕ್ಕೀರಪ್ಪ ಅಂದುಕೊಂಡಿರಲಿಲ್ಲ. ಕಂಬಳಿಯ ಮೇಲೆ ಇಬ್ಬರೂ ಕೂತರು. ಕ್ಯಾಸೆಟ್ಟು ತಿರುಗಿತು. ಮೊದಲು ಆ ಏನೂ ಇಲ್ಲದ್ದು, ಆಮೇಲೆ ಕೆಮ್ಮು. ಕೆಮ್ಮು ಬಂದಾಗ ಬೀಗರು ಯಾರೋ ಒಳಗಿಂದ ಬಂದರೆಂದು ಬಾಗಿಲಿನ ಕಡೆ ನೋಡಿದರು, ತಮ್ಮ ತಪ್ಪಿಗೆ ತಾವೇ ಬೆರಗಾಗಿ ಶಿದ್ಲಿಂಗಪ್ಪನವರ ಮುಖ ನೋಡಿದರು. ಶಿದ್ಲಿಂಗಪ್ಪನವರು ಕಣ್ಣು ಮುಚ್ಚಿಯೇ ನಕ್ಕರು. ನೀಲಪ್ಪ ಹಾಡತೊಡಗಿದ. ಫಕ್ಕೀರಪ್ಪ ಗೋಡೆಗೆ ಒರಗಿದ್ದ. ಇಷ್ಟು ಸುಖ ಒಬ್ಬ ಮನುಷ್ಯನಿಗೆ ಸಾಕು ಎಂದು ಅವನಿಗೆ ಅನ್ನಿಸಿತು.

ಒಳಗಿನಿಂದ ಮಹಾದೇವಕ್ಕ ಬಂದಳು. ದೀಪದ ಹೊತ್ತೆಂದು ಕೈಕಾಲು ಮುಖ ತೊಳೆದು, ಒದ್ದೆ ಹೆಜ್ಜೆ ಮೂಡಿಸುತ್ತ, ಬಂದವರಿಗೆ ಅಡ್ಡವಾಗದ ಹಾಗೆ ಗೋಡೆ ಹಿಡಿದು ಬಂದಳು. ಚಹಾ ಕೇಳಲು ಬಂದಳೆಂದು ಫಕ್ಕೀರಪ್ಪ ತಿಳಿದ. ಅವಳು ಅವನ ಕಡೆ ನೋಡಲಿಲ್ಲ. ಅವಳ ಬಲಗೈಯ ಮೂರು ಬೆರಳು ಬೆಳ್ಳಗಿದ್ದವು, ನೀರು ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಹಾರಿಹೋದ ಮೂರನೆಯ ಗೆರೆ! ದೊಡ್ಡವರು ಬಂದು ಕೂತಿದ್ದಾರೆ, ಗಂಡ ಎಲ್ಲರೆದುರು ಹಾಡುತ್ತಿದ್ದಾನೆ, ಅವನ ಹಣೆಯ ವಿಭೂತಿ ಅಳಿಸಿಹೋಗಿದೆ. ಅವಳು ಬಗ್ಗಿದಳು.

"ಮುಟ್ಟಬ್ಯಾಡ!"

ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ಶಿದ್ಲಿಂಗಪ್ಪನವರು ಬೆಚ್ಚಿ ಕಣ್ಣು ತೆರೆದರು. ಫಕ್ಕೀರಪ್ಪ ಹಾರಿ ಪ್ಲಗ್ಗನ್ನು ವಾಯರಿನ ಸಮೇತ ಕಿತ್ತ. ನೀಲಪ್ಪ ಒಂದು ಪದದ ನಡುವೆ ನಿಂತುಹೋದ. ಅಕ್ಕ ಕೈಯನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದಳು. 'ಮುಟ್ಟಬ್ಯಾಡ' ಎಂಬ ಮಾತನ್ನು ಊರಿನಲ್ಲಿ ಮೈಲಿಗೆಯ ಅರ್ಥದಲ್ಲಿ ಕೇಳಿ ಬೆಳೆದವಳು ಅವಳು. ಬಂದವರ ಎದುರು ತಮ್ಮನೇ ತನಗೆ ಅದನ್ನು ಅಂದಿದ್ದು ಯಾಕೆಂದು ಅವಳಿಗೆ ತಿಳಿಯಲಿಲ್ಲ. ಅವಳ ಮುಖ ಸಣ್ಣದಾಯಿತು.

"ಏನಾತೋ?" ಎಂದರು ಶಿದ್ಲಿಂಗಪ್ಪನವರು.

"ವಾಯರ್ ಸಡಲ ಆಗೇತ್ರಿ. ಒಂದ ನಿಮಿಷ ಕುಂಡ್ರಿ."

ಮಣೆಯ ಹಿಂದಿನಿಂದ ಬೂದು ಸುರುಳಿಯನ್ನು ಎಳೆದುಕೊಂಡು ಅವನು ಅವರ ಎದುರಿಗೇ ಕೂತು ಹಾಕತೊಡಗಿದ. ಕೆಂಪು, ಕಪ್ಪು, ಹಸಿರು. ಎರಡು ತಂತಿಯದನ್ನೇ ಮತ್ತೆ ಚುಚ್ಚಿ, ಅಕ್ಕನನ್ನು ಒಳಗೆ ಕಳಿಸಿದ್ದರೂ ಆಗುತ್ತಿತ್ತು ಎಂದು ಹಸಿರನ್ನು ಬಿಗಿಯುವಾಗ ಅವನಿಗೆ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯಾಯಿತು. ಬಿಗಿದ. ಸ್ವಿಚ್ಚು ಒತ್ತಿದ. ನೀಲಪ್ಪ ಬಿಟ್ಟ ಪದದಿಂದ ಎತ್ತಿಕೊಂಡ, ಅವನ ಹಿಂದೆ ಅದು ಬಂತು.

"ಜೇನುಹುಳಾ ವಾಪಸ್ ಬಂದ್ವಲ್ಲೋ" ಎಂದರು ಶಿದ್ಲಿಂಗಪ್ಪನವರು, ಬೀಗರ ಕಡೆ ನೋಡದೆ.

"ಮನ್ಯಾಗ ಮಾಡಿದ್ದಂದ್ರ ಅಷ್ಟು ಇರೂದರಿ" ಎಂದರು ಬೀಗರು, ದೊಡ್ಡ ಮನಸ್ಸಿನಿಂದ. ಆ ದೊಡ್ಡ ಮನಸ್ಸು ನಗೆಗಿಂತ ಆಳಕ್ಕೆ ಇಳಿಯಿತು. ಚಹಾ ಬಂತು, ಕುಡಿದರು, ಮಳೆಯ ಮಾತಾಡಿದರು, ಎದ್ದರು. ಬಾಗಿಲಲ್ಲಿ ಶಿದ್ಲಿಂಗಪ್ಪನವರು ಚಪ್ಪಲಿ ಮೆಟ್ಟುತ್ತ, "ಅಕ್ಕನ ಮ್ಯಾಲೆ ಹಂಗ ಒದರಬಾರ್ದಪಾ" ಎಂದು ಮೆಲ್ಲಗೆ ಹೇಳಿ ಹೋದರು.

ಅವನು ಒಳಗೆ ಬಂದಾಗ ಮಹಾದೇವಕ್ಕ ಪೆಟ್ಟಿಗೆಯ ಮುಂದೆ ಕೂತಿದ್ದಳು. ಒಣಗಿದ ವಿಭೂತಿಯನ್ನು ಮತ್ತೆ ನೀರು ತಾಗಿಸಿ ಮೂರನೆಯ ಗೆರೆ ಎಳೆದಾಗಿತ್ತು. ಅಂಗೈಯನ್ನು ತಗಡಿನ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು. ಹಾಡು ನಡೆದಿತ್ತು.

"ಬೆಚ್ಚಗ ಐತಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆದ್ರ ಅವ್ರಿಲ್ಲ. ನಾ ಒದ್ದೀ ಕೈಲೆ ಮಂದಿ ಮುಂದ ಬಂದದ್ದಕ್ಕ ಹ್ವಾದ್ರೇನು?"

ಇದಕ್ಕೆ ಅವನು ಸಿದ್ಧನಾಗಿರಲಿಲ್ಲ. "ಅಕ್ಕಾ, ಅದು ಕರೆಂಟು" ಎಂದ.

"ಹೂಂ."

"ಹೂಂ ಅಲ್ಲ. ನಿನಗ ಇಷ್ಟ ದಿನ ಜುಮ್ ಅಂತಿದ್ದದ್ದು ಕರೆಂಟು. ಮಾವ ಅಲ್ಲ."

ಅವಳು ಮೇಲಿನ ಮಾಡದ ಕಡೆ ಗದ್ದ ಎತ್ತಿದಳು. "ಹಾಡೋದೂ ಕರೆಂಟ ಅಲ್ಲೇನೋ? ಕರೆಂಟ್ ಹೋದಾಗ ಅವ್ರು ಹಾಡತಾರೇನು? ಅದಕ್ಕ ನೀ ಮಾವ ಅಂತೀದಿ. ಕೈಗೆ ಯಾಕ ಅಲ್ಲ ಅಂತೀದಿ?"

ಅವಳಿಗೆ ವಾದ ಮಾಡಬೇಕಾಗಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ನೀಲಪ್ಪ ಒಂದು ಸಾಲು ಮುಗಿಸಿದ. ಅವನು ಉಸಿರೆಳೆಯುವ ಜಾಗದಲ್ಲಿ ಈಗ ಗುಂಯ್ ಎಂಬುದಷ್ಟೇ ಇತ್ತು.

"ಈಗ ಎಲ್ಲಿ ಹ್ವಾತದು?"

"ಹಿತ್ತಲಕ್ಕ. ಈ ಹಸರ ವಾಯರ್ ಹಿಡದು ಪೈಪಿಗೆ, ಪೈಪಿನಿಂದ ಮಣ್ಣಿಗೆ."

"ನಾ ನೀರ ಹಾಕೋ ತಗ್ಗಿಗೇನು?"

"ಹೂಂ. ಜೀವಕ್ಕ ಅಪಾಯ ಇತ್ತಕ್ಕಾ. ಅದಕ್ಕ ಒದರಿದೆ. ನೀ ಮುಟ್ಟಿದ್ರ..."

ಮಹಾದೇವಕ್ಕ ಕೈಯನ್ನು ತಗಡಿನಿಂದ ತೆಗೆದಳು. ನಡುಬೆರಳಿನ ಬಿಳಿ ಚುಕ್ಕೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿಕೊಂಡಳು. "ಅಪಾಯ ಅನ್ನೂದು ನಿನಗ ಯಾವಾಗ ತಿಳೀತು?" ಎಂದು ಕೇಳಿದಳು. ಸಿಟ್ಟಿರಲಿಲ್ಲ, ಸಂಶಯವೂ ಇರಲಿಲ್ಲ. ಅನ್ನಕ್ಕೆ ಎಷ್ಟು ಅಕ್ಕಿ ಹಾಕಲಿ ಎಂದು ಕೇಳುವ ದನಿ.

"ಇವತ್ತ" ಎಂದ ಫಕ್ಕೀರಪ್ಪ. "ಮುಂಜಾನೆ ನೀ ಬೆರಳ ತೋರಿಸಿದ್ಯಲ್ಲ, ಆವಾಗ."

"ಹಂಗೇನು" ಎಂದಳು. ಅವಳ ಮುಖ ತಿಳಿಯಾಯಿತು. ತಮ್ಮ ಗದರಿದ್ದರ ಕಾರಣ ಸಿಕ್ಕಿತ್ತು, ಅದು ಅವಳಿಗೆ ಸಾಕಾಗಿತ್ತು. "ಪಾಪ, ಪೂರಾ ದಿನಾ ಅದನ್ನ ಹೊತ್ಕೊಂಡ ಕುಂತಿದ್ದೇನೋ. ನಾ ಸತ್ತಿದ್ರ ಮಂದಿ ನಿನಗ ಅಂತಿದ್ರು." ಅವನ ಭುಜ ಹಿಡಿದು ಎದ್ದಳು. ಅವಳ ಕೈ ಭುಜದ ಮೇಲೆ ಇದ್ದಷ್ಟು ಹೊತ್ತು ಅವನು ಅಲುಗಾಡಲಿಲ್ಲ. ಯುಗಾದಿ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಅವಳು ಕೈ ತೆಗೆದಳು, ಮಾತು ಕೆಳಗಿಳಿಯಿತು.

ಅವಳು ತಂಬಿಗೆ ತೆಗೆದುಕೊಂಡು ಹಿತ್ತಲಿಗೆ ಹೋದಳು. ಮಳೆ ನಿಂತಿತ್ತು, ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಅವನು ಹಿತ್ತಲ ಬಾಗಿಲಲ್ಲಿ ನಿಂತು ನೋಡಿದ. ಕರಿಬೇವಿನ ಗಿಡಕ್ಕೆ ಇಂದು ಹಾಕಲಿಲ್ಲ. ತಂಬಿಗೆಯ ನೀರನ್ನೆಲ್ಲ ಪೈಪಿನ ತಗ್ಗಿಗೇ ಸುರಿದು, ಸೀರೆ ಮಡಚಿಕೊಂಡು ಕುಕ್ಕರಗಾಲಿನಲ್ಲಿ ಕೂತಳು. ಒಳಗೆ ನೀಲಪ್ಪ ಹಾಡುತ್ತಿದ್ದ. ಗಿರಣಿಯೂ ನಡೆದಿತ್ತು.

"ಇಲ್ಲೇನೋ?" ಎಂದಳು ತಿರುಗದೆ.

"ಅಲ್ಲೇ" ಎಂದ.

ಮಹಾದೇವಕ್ಕ ವಿಭೂತಿಯ ಕೈಯನ್ನು ಹಸಿ ಮಣ್ಣಿನ ಮೇಲೆ ಅಗಲವಾಗಿ ಇಟ್ಟಳು. ಬಹಳ ಹೊತ್ತು ಇಟ್ಟಿದ್ದಳು.

"ತಣ್ಣಗೈತಿ" ಎಂದಳು. ಕೈ ಎತ್ತಲಿಲ್ಲ.